ನಾಲ್ಕು ಐವತ್ತೆರಡು

ವರ್ನಾ ಟೀಗ್ ಹೊಲ ಕೊಂಡದ್ದು ಮಾರ್ಚಿನಲ್ಲಿ.
ಅಡುಗೆಮನೆಯ ಮೇಜಿನ ಮೇಲೆ ರುಜು, ನೋಟರಿಯ ಮೊಹರು.
ಚಕ್ಕುಬಂದಿ: ಪೂರ್ವಕ್ಕೆ ಹಳ್ಳ,
ಪಶ್ಚಿಮಕ್ಕೆ ಸಿಡಿಲು ಬಡಿದ ಓಕ್ ಮರ.
ಕ್ರಯಪತ್ರ ಹಿಟ್ಟಿನ ಡಬ್ಬಿಯ ಹಿಂದೆ ಸೇರಿತು.
ಮಾರಿದವನು ಸೋದರಮಾವನ ಮಗ ಹೊಯ್ಲ್,
ಅವಸರವೇನು?
ಹನ್ನೊಂದು ಸೇಬಿನ ಸಸಿ ನೆಟ್ಟಳು.

ಸೆಪ್ಟೆಂಬರಿನಲ್ಲಿ ಹೊಯ್ಲ್
ಅದೇ ಹೊಲ ಇನ್ನೊಮ್ಮೆ ಮಾರಿದ.
ಷಾರ್ಲಟ್‌ನಿಂದ ಬಂದವನ ಬೂಟಿಗೆ ಮಣ್ಣು ಹತ್ತಿರಲಿಲ್ಲ.
ಇಪ್ಪತ್ತಾರು ಡಾಲರ್ ಎಣಿಸಿಟ್ಟ.
ಬರ್ನ್ಸ್‌ವಿಲ್ ಕಚೇರಿಯಲ್ಲಿ ಠಸ್ಸೆ ಹೊಡೆದವಳು ನಾನು:
ಸಂಜೆ ನಾಲ್ಕು ಐವತ್ತೆರಡು.

ನಾರ್ತ್ ಕೆರೊಲಿನಾದ ಕಾನೂನು ಕೇಳುವುದಿಷ್ಟೇ,
ಮೊದಲು ದಾಖಲಿಸಿದವರು ಯಾರು.
ಯಾರಿಗೆ ಏನು ಗೊತ್ತಿತ್ತು ಎಂದು ಕೇಳುವುದಿಲ್ಲ.
ನನಗೆ ಗೊತ್ತಿತ್ತು.
ಆ ಸಸಿಗಳಿಗೆ ಗುಂಡಿ ತೋಡಿದ್ದು ನನ್ನ ಗಂಡ.
ಕಾಗದ ಎಲ್ಲಿಟ್ಟೆ ವರ್ನಾ, ಎಂದು
ಚರ್ಚಿನ ಮೆಟ್ಟಿಲ ಮೇಲೆ
ಎಷ್ಟು ಭಾನುವಾರ ಕೇಳಬಹುದಿತ್ತು.

ಹಳ್ಳದ ದಂಡೆಯಲ್ಲಿ ಸರ್ವೆಯವರ ಕಿತ್ತಳೆ ಬಾವುಟ ಕಂಡು
ಸೋಮವಾರ ಬಂದಳು, ಬಾಗಿಲು ತೆರೆಯುವ ಮೊದಲೇ.
ಅವಳದಕ್ಕೂ ಠಸ್ಸೆ ಹೊಡೆದೆ. ಎಂಟು ನಾಲ್ಕು.
ಪುಸ್ತಕ ಬೇಡವೆನ್ನಲಿಲ್ಲ,
ಎರಡನ್ನೂ ನುಂಗಿತು, ಬಂದ ಸಾಲಿನಲ್ಲಿ.

"ಆಯಿತಾ?" ಎಂದಳು.
ಆಯಿತು ಎಂದೆ.

ಕಾಗದದ ಮಡಿಕೆಯಿಂದ ಉದುರಿದ ಹಿಟ್ಟು
ಮಧ್ಯಾಹ್ನದವರೆಗೂ ಕೌಂಟರಿನ ಮೇಲಿತ್ತು.