ಎರಡನೆಯ ಪೆಟ್ಟಿಗೆಯ ನಂತರ

ಹನ್ನೆರಡು ವರ್ಷ ಬಿಯರ್ ಹಂಚಿದವಳು ನಾನು, ನಮಕಾವು.
ಮೊಂಗುವಿನ ಡಿಪೋದಲ್ಲಿ ಕೂತಲ್ಲೇ ಹೇಳುತ್ತಿದ್ದೆ
ಬಯಲಿನಾಚೆ ಕಲಾಬೋದ ಯಾವ ಅಂಗಡಿಯಲ್ಲಿ
ಶುಕ್ರವಾರ ಸಂಜೆಗೆ ಎಷ್ಟು ಸೀಸೆ ಉಳಿದಾವು,
ಯಾರ ಮನೆಯ ಸಾವಿಗೆ
ಎಷ್ಟು ಕ್ರೇಟು ಹೆಚ್ಚಿಗೆ ಬೇಕಾದಾವು.
ಬಾಯಾರಿಕೆ ಒಂದು ದಿನವೂ ನನಗೆ ಸುಳ್ಳು ಹೇಳಲಿಲ್ಲ.

ಸರ್ಕಾರ ಕರೆಯಿತು: ಬಾ,
ಬಿಯರಿನಂತೆಯೇ ಔಷಧಿಯನ್ನೂ ಮುಟ್ಟಿಸು.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ?
ಬಂದೆ.

ಉಗ್ರಾಣದ ಅಕಪೆಲ್ವಾ ಕುರ್ಚಿ ಬಿಟ್ಟೇಳಲಿಲ್ಲ.
ಮೂರು ಪ್ರತಿಯ ಫಾರಂ, ಸವೆದ ಕಾರ್ಬನ್ ಹಾಳೆ,
ಸೊಂಟದಲ್ಲಿ ಬೀಗದಕೈ ಗೊಂಚಲು.
ಅದರಲ್ಲೊಂದು ಯಾವ ಬಾಗಿಲಿಗೂ ಕೂಡಲಿಲ್ಲ.
ಇದು ಯಾವುದರದ್ದು ಎಂದೆ.
ಬೀಗ ಹೋಯಿತಮ್ಮ, ಕೈ ಮಾತ್ರ ರಿಜಿಸ್ಟರಿನಲ್ಲಿದೆ,
ತೆಗೆದುಹಾಕಲು ಲುಸಾಕಾದ ಸಹಿ ಬೇಕು, ಎಂದ.

ನಾನು ಕಪಾಟುಗಳನ್ನು ತಿರುವಿಹಾಕಿದೆ.
ಮೊದಲು ಸಾಯುವ ಔಷಧಿ ಮೊದಲ ಸಾಲಿಗೆ.
ದಾದಿಯರಿಗೆ ಹೇಳಿಕೊಟ್ಟೆ: ಎರಡು ಪೆಟ್ಟಿಗೆ.
ಮುಂದಿನದು ಬರಿದಾದರೆ ಕೆಂಪು ಚೀಟಿ ತೂಗುಹಾಕಿ,
ಹಿಂದಿನದನ್ನು ಮುಂದಕ್ಕೆಳೆಯಿರಿ.
ಅಷ್ಟೇ. ಸಹಿ ಬೇಡ. ಬೇಡುವುದೂ ಬೇಡ.

ಕೆಲಸ ಮಾಡಿತು. ಸುಳ್ಳೇಕೆ ಹೇಳಲಿ,
ಆ ಚಳಿಗಾಲ ಯಾವ ಮಗುವೂ
ಮಲೇರಿಯಾ ಮಾತ್ರೆಗೆಂದು ಬಂದು
ಬರಿಗೈಯಲ್ಲಿ ಹಿಂತಿರುಗಲಿಲ್ಲ.
ಮುರಿದ ಮಂಚಗಳ ಹಿಂದೆ ಮುದುಕ ಬಚ್ಚಿಟ್ಟಿದ್ದನ್ನೆಲ್ಲ
ಹೊರಗೆಳೆದು ಲಾರಿ ಹತ್ತಿಸಿದೆ.
ನಿಂತ ಸರಕು ನಿದ್ದೆಹೋದ ದುಡ್ಡು, ಎಂದೆ.
ನೀರು ಬರುತ್ತದೆ, ಎಂದ ಅವನು.
ಬರಲಿ, ನನ್ನ ಪಟ್ಟಿಯಲ್ಲಿ ದೋಣಿಯಿದೆ.

ಬಂತು. ಮೂರು ವಾರ ಮೊದಲೇ.
ಜಾಂಬೆಜಿ ದಾರಿಗಳನ್ನು ಒಂದೊಂದಾಗಿ ಮಡಚಿಟ್ಟುಕೊಂಡಿತು.
ದೋಣಿಯಿತ್ತು. ಎಂಜಿನ್ನೂ ಇತ್ತು.
ಪೆಟ್ರೋಲಿನ ಕಾಗದ ಯಾರದೋ ಮೇಜಿನ ಮೇಲೆ
ಸಹಿಗೆ ಕಾಯುತ್ತ ಮಲಗಿತ್ತು.

ಒಂಬತ್ತನೆಯ ದಿನ ಆಚೆದಡದಿಂದ
ದಾದಿ ಮುಂಡಿಯಾ ಫೋನು ಮಾಡಿದಳು.
ಎರಡೂ ಪೆಟ್ಟಿಗೆ ಖಾಲಿ, ವಾಂತಿಭೇದಿಯ ಮನೆಗಳು ಆರು.
ಕೆಂಪು ಚೀಟಿ ತೂಗುಹಾಕಿದ್ದೇನೆ.
ಇನ್ನೇನು ತೂಗುಹಾಕಲಿ?

ಬಿಯರು ಮುಗಿದಾಗ ಜನ
ನನ್ನನ್ನು ಬೈದು, ನೀರು ಕುಡಿದು, ಮಲಗುತ್ತಿದ್ದರು;
ಇಲ್ಲವೇ ಪಕ್ಕದಂಗಡಿಗೆ ನಡೆಯುತ್ತಿದ್ದರು.
ಇಲ್ಲಿ ಪಕ್ಕದಂಗಡಿ ಇಲ್ಲ.
ಕುಡಿಯುವ ನೀರೇ ಕಾಯಿಲೆ.

ಅಕಪೆಲ್ವಾ ಏನೂ ಅನ್ನದೆ ಎದ್ದ.
ದೋಣಿಕಟ್ಟೆಯ ಮೀನುಗಾರನ ಗುಡಿಸಲಲ್ಲಿ,
ಬಲೆಗಳಡಿ, ಒಂದು ಕಬ್ಬಿಣದ ಟ್ರಂಕು.
ಆ ಬೀಗದಕೈ ಅದಕ್ಕೆ ಕೂಡಿತು.
ಯಾವ ಪುಸ್ತಕದಲ್ಲೂ ಇಲ್ಲದ ನಲವತ್ತು ಬಾಟಲಿ ಸಲೈನು;
ಹನ್ನೊಂದರ ದಿನ ಮೀರಿತ್ತು.
ನಾನು ಹನ್ನೊಂದು ಎಂದೆ.
ಅವನು ಇಪ್ಪತ್ತೊಂಬತ್ತು ಎಂದ.
ಇಬ್ಬರ ಲೆಕ್ಕವೂ ಸರಿಯಾಗಿತ್ತು.

ಮರದ ದೋಣಿಗೆ ಪೆಟ್ರೋಲು ಬೇಡ.
ಹುಟ್ಟು ಹಾಕುವವನಿಗೆ ಕೂಲಿ ನಾನೇ ಕೊಟ್ಟೆ,
ಯಾವ ಬಾಬ್ತಿಗೆ ಬರೆಯಬೇಕೋ ತಿಳಿಯದೆ.
ಇಪ್ಪತ್ತೊಂಬತ್ತು ಸಾಕಾಯಿತೇ ಎಂದು ಕೇಳಬೇಡಿ.
ಐದು ಮನೆಗೆ ಸಾಕಾಯಿತು.

ಈಗ ನವೆಂಬರಿನಿಂದ ಮೇವರೆಗೆ
ಪ್ರತಿ ಕಪಾಟಿನಲ್ಲೂ ಮೂರನೆಯ ಪೆಟ್ಟಿಗೆ,
ಅದರ ಬೀಗದಕೈ ನನ್ನ ಸೊಂಟದಲ್ಲಿ.
ಇದೇಕೆ ನಿಂತಿದೆ ಎಂದು ಆಡಿಟಿನ ಹುಡುಗ ಕೇಳಿದ.
ಕಾರಣದ ಕಾಲಮ್ಮಿನಲ್ಲಿ 'ನೀರು' ಎಂದು ಬರೆದೆ.
ಇದು ಕಾರಣವಲ್ಲ ಮೇಡಂ, ಎಂದ.

ಪೆಟ್ರೋಲಿಗೆ ಸಹಿ ಜುಲೈಯಲ್ಲಿ ಬಂತು,
ಬಯಲಿನಲ್ಲಿ ದನ ಮೇಯತೊಡಗಿದ ಮೇಲೆ.
ಫೈಲಿಗೆ ಹಾಕಿದೆ.
ಮೂರು ಪ್ರತಿ.