ಇನ್ನು ನಿನ್ನ ಸರದಿ

ಪ್ರಾಂತ್ಯದ ಕಚೇರಿಯಿಂದ ಬಂದ ಪೆಟ್ಟಿಗೆಯಲ್ಲಿ
ನಲವತ್ತು ಭಿತ್ತಿಪತ್ರ, ಒಂದು ಡಬ್ಬಿ ಅಂಟು.
‘ದಿನಕ್ಕೆ ಹದಿನೈದು ನಿಮಿಷ ಮಕ್ಕಳೊಡನೆ ಓದಿ.’
ಚಿತ್ರದಲ್ಲೊಂದು ಸೋಫಾ, ಸೋಫಾದ ಮೇಲೆ ಅಪ್ಪ,
ಅಪ್ಪನ ತೊಡೆಯ ಮೇಲೆ ಮಗು,
ಇಬ್ಬರ ಮೇಲೂ ಹಳದಿ ದೀಪ.

ಚಿಲಿಯ ತೆಂಕಣ ತುದಿಯ ಈ ದ್ವೀಪದಲ್ಲಿ
ಅಪ್ಪಂದಿರು ಸೋಫಾದಲ್ಲಿ ಸಿಗುವುದು
ಬಂದರು ಮುಚ್ಚಿದ ದಿನ ಮಾತ್ರ.
ಮಿಕ್ಕಂತೆ ಇಪ್ಪತ್ತು ದಿನ ನೀರೊಳಗೆ,
ಹಲ್ಲಲ್ಲಿ ಗಾಳಿಯ ಕೊಳವೆ ಕಚ್ಚಿಕೊಂಡು
ಬಂಡೆಯಿಂದ ಕಡಲಿನ ಮುಳ್ಳುಚೆಂಡು ಕೀಳುತ್ತ.

ಆದರೂ ಅಂಟಿಸಿದೆ. ಅಂಟಿಸುವುದು ನನ್ನ ಕೆಲಸ.
ಬೇಕರಿಗೆ, ಚರ್ಚಿನ ಬಾಗಿಲಿಗೆ, ಮೀನು ತೂಗುವ ಕಟ್ಟೆಗೆ.
ಅದನ್ನು ಓದಿ, ಮತ್ತೆ ಓದಿ,
ನೊಲ್ಬೆರ್ತೊ ಕಾರ್ಕಾಮೊ ಒಳಗೆ ಬಂದ.
ನಾಲ್ಕನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದವ;
ಬೆರಳ ತುದಿಗಳಲ್ಲಿ ಮುರಿದುಳಿದ ಮುಳ್ಳಿನ ಕಪ್ಪು ಚುಕ್ಕಿ.
“ದೊನ್ಯಾ ಎರ್ಮಿಂದಾ, ದೋಣಿಯಲ್ಲಿ ರೇಡಿಯೊ ಇದೆ” ಅಂದ.
ಅಷ್ಟೇ ಅಂದ.

ಒಂದು ಕಾರ್ಡಿಗೆ ಒಂದೇ ಪುಸ್ತಕ ಎನ್ನುವ ನಿಯಮವನ್ನು
ಅವತ್ತು ಡ್ರಾಯರಿನೊಳಗೆ ಮಲಗಿಸಿದೆ.
ಸೇತುವೆ ದಾಟಲೊಲ್ಲದ ಹೇಸರಗತ್ತೆಯ ಕಥೆ, ಎರಡು ಪ್ರತಿ:
ಒಂದು ಅಡುಗೆಮನೆಗೆ, ಆರು ವರ್ಷದ ರಯೇನಳಿಗೆ;
ಇನ್ನೊಂದು ಹಿಟ್ಟಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ
‘ಪೊರ್ಫಿಯಾದಾ’ ದೋಣಿಗೆ. ಹಟಮಾರಿ ಎಂದು ಆ ಹೆಸರಿನ ಅರ್ಥ.

ರಾತ್ರಿ ಎಂಟಕ್ಕೆ ಕರಕರ ಸದ್ದು,
ಆಮೇಲೆ ಅವನ ದನಿ,
ಕತ್ತಲಲ್ಲಿ ಮೆಟ್ಟಿಲು ತಡಕುವವನ ಹಾಗೆ
ಅಕ್ಷರ ಬಿಟ್ಟು ಅಕ್ಷರ ಊರುತ್ತ.
ಪುಟ ಮುಗಿದಾಗ “ಕಾಂಬಿಯೊ” ಅನ್ನುತ್ತಾನೆ,
ಅಂದರೆ ಇನ್ನು ನಿನ್ನ ಸರದಿ.
ಗುಂಡಿ ಒತ್ತಿ ಅವಳು:
“ಅಪ್ಪಾ, ಒಂದು ಸಾಲು ನುಂಗಿದೆ. ಕಾಂಬಿಯೊ.”
“ಯಾವುದು ಮಗಳೇ? ಕಾಂಬಿಯೊ.”
“ಗೊತ್ತಿಲ್ಲ. ಆದರೆ ಕತ್ತೆಯ ಬಾಯಲ್ಲಿ ಹುಲ್ಲಿದೆ,
ನೀನು ಹುಲ್ಲಿನ ಮಾತೇ ಎತ್ತಲಿಲ್ಲ.”

ನಾವು ಯಾರೂ ಯೋಚಿಸದೆ ಇದ್ದದ್ದು ಒಂದೇ:
ಆ ಚಾನೆಲ್ಲಿಗೆ ಗೋಡೆಗಳಿಲ್ಲ.

ಹತ್ತನೆಯ ರಾತ್ರಿ, ಹನ್ನೊಂದನೆಯ ಪುಟ.
ಕತ್ತೆ ಸೇತುವೆಯ ನಟ್ಟನಡುವೆ,
ಮುಂಗಾಲೊಂದು ಗಾಳಿಯಲ್ಲಿ.
ಪಡುಗಾಳಿ ಬೀಸಿತು, ನೊಲ್ಬೆರ್ತೊನ ದನಿ ಹರಿದುಹೋಯಿತು.
ಬರೀ ಮೊರೆತ.
ಒಲೆಯ ಬಳಿ ಓತಿಲ್ಯಾ ಕೈಯ ಸೌಟು ನಿಂತಿತು.
ಆಗ ಯಾರದೋ ಗೊಗ್ಗರು ಗಂಟಲು, ಎಷ್ಟೋ ಮೈಲಿ ಆಚೆಯಿಂದ:
“ದಾಟಿತೇನು?”
ಇನ್ನೊಬ್ಬ: “ಏ, ಕತ್ತೆ ಏನಾಯಿತು?”
ಮತ್ತೊಬ್ಬ ಬೈದ, ಯಾರನ್ನೋ ತಿಳಿಯದು.
ಹನ್ನೊಂದು ದೋಣಿ, ನಂಗುರ ಹಾಕಿ,
ಚಹಾ ಆರಿಸಿಕೊಂಡು, ಒಂದು ಕತ್ತೆಗಾಗಿ ಕಾದಿದ್ದವು.

ರಯೇನ್ ಓದು ಬಲ್ಲವಳಲ್ಲ.
ಅಪ್ಪನ ದನಿಯ ಹಿಂದೆ ಬೆರಳು ಓಡಿಸುತ್ತಿದ್ದಳು, ಅಷ್ಟೇ.
ಪುಸ್ತಕವನ್ನು ರೇಡಿಯೊಗೆ ಒರಗಿಸಿ ಗುಂಡಿ ಒತ್ತಿದಳು.
“ಕ… ಕತ್… ಕತ್ತೆ.”
ಉಸಿರು.
“ಕತ್ತೆ ಕೆ… ಳಗೆ… ನೋ… ಡಿತು.”
ಯಾರೂ ನಡುವೆ ಬಾಯಿ ಹಾಕಲಿಲ್ಲ.
ಒಂದು ಪುಟಕ್ಕೆ ಇಪ್ಪತ್ತಾರು ನಿಮಿಷ,
ಭಿತ್ತಿಪತ್ರ ಕೇಳಿದ್ದಕ್ಕಿಂತ ಹನ್ನೊಂದು ಜಾಸ್ತಿ.
ಕೊನೆಗೆ, ಬೆವರಿದ ಕೈಯಲ್ಲಿ, “ಕಾಂಬಿಯೊ.”
ಮೊರೆತದ ಅಡಿಯಿಂದ ಅಪ್ಪ:
“ಹುಲ್ಲು ಬಿಡಲಿಲ್ಲ ತಾನೇ?”

ಸೋಮವಾರ ಬಂದರಿನ ಅಧಿಕಾರಿ ಬಂದ,
ಟೋಪಿ ತೆಗೆದು ಕಂಕುಳಲ್ಲಿಟ್ಟ.
ಆ ಚಾನೆಲ್ ಇರುವುದು ಮುಳುಗುವವರಿಗೆ, ಕತ್ತೆಗಳಿಗಲ್ಲ ಎಂದ.
ನಿಜ, ಎಂದೆ.
ಕಿಟಕಿಯಾಚೆ ಕಡಲು ನೋಡುತ್ತ ತುಸು ಹೊತ್ತು ನಿಂತು,
ಎಂಟರ ನಂತರ ಎಪ್ಪತ್ತೆರಡು ಖಾಲಿ ಇರುತ್ತದೆ,
ಎಂದು ಗೋಡೆಗೆ ಹೇಳಿದವನಂತೆ ಹೇಳಿ ಹೋದ.

ಪುಸ್ತಕ ಮರಳಿ ಬಂದಿದೆ, ಉಪ್ಪಿಗೆ ಉಬ್ಬಿ, ಡೀಸೆಲ್ ನಾತ,
ಹನ್ನೊಂದನೆಯ ಪುಟದಲ್ಲಿ ಕಿತ್ತಳೆ ಬಣ್ಣದ ಹೆಬ್ಬೆಟ್ಟು.
ಹಾನಿಯ ಕಾಲಂನಲ್ಲಿ ‘ಇಲ್ಲ’ ಎಂದು ಬರೆದೆ.
ಅಭಿಯಾನದ ನಮೂನೆ ಇನ್ನೂ ಮೇಜಿನ ಮೇಲಿದೆ:
‘ಜೊತೆಯಲ್ಲಿ ಓದಿದ ಕುಟುಂಬದ ಸದಸ್ಯರು ಎಷ್ಟು?’
ಒಂದೇ ಅಂಕಿ ಹಿಡಿಯುವಷ್ಟು ಚೌಕ.
ಪೆನ್ನು ಹಿಡಿದು ಕೂತಿದ್ದೇನೆ;
ಹೊರಗೆ ಗಾಳಿ, ಗಂಟೆ ಎಂಟಾಗುತ್ತ ಬಂತು.