ಗ್ರಾಮು, ಕಿಲೋ

ಮನೆಯ ತೂಕದ ಯಂತ್ರದ ಮುಳ್ಳು ನೂರಿಪ್ಪತ್ತಕ್ಕೆ ನಿಂತುಬಿಡುತ್ತಿತ್ತು,
ಅದರಾಚೆ ಅಂಕಿಯೇ ಇರಲಿಲ್ಲ.
ಹಾಗಾಗಿ ನನ್ನ ನಿಜವಾದ ತೂಕ ಗೊತ್ತಾದದ್ದು
ಸಸೂನ್ ಡಾಕಿನಲ್ಲಿ, ಹರಾಜು ಮುಗಿದ ಮೇಲೆ,
ಮೀನು ತೂಗುವ ಕಾಟಾದಲ್ಲಿ.
ಚಪ್ಪಲಿ ಬಿಟ್ಟು ಹತ್ತಿದೆ. ಮಂಜುಗಡ್ಡೆಯ ನೀರು ಇನ್ನೂ ಆರಿರಲಿಲ್ಲ.
ಹಮಾಲ ಧೋಂಡು ಅಂಕಿ ಓದದೆ
ಸಮುದ್ರದ ಕಡೆ ಮುಖ ತಿರುಗಿಸಿ ಬೀಡಿ ಹಚ್ಚಿದ.
ನೂರ ಮೂವತ್ತೊಂದು.
ಹದಿನೆಂಟು ವರ್ಷದಿಂದ ಈ ಕಾಟಾದ ಲೆಕ್ಕ ಬರೆಯುವವಳು,
ಅದೊಂದನ್ನು ಪುಸ್ತಕಕ್ಕೆ ಏರಿಸಲಿಲ್ಲ.

ಮಂಡಿಯ ಡಾಕ್ಟರು ಸಕ್ಕರೆಯ ಡಾಕ್ಟರ ಹತ್ತಿರ ಕಳಿಸಿದರು,
ಅವರು ಹೊಟ್ಟೆಯ ಡಾಕ್ಟರ ಹತ್ತಿರ.
ಹೊಟ್ಟೆಯವರು ಚೀಟಿಯ ಹಿಂದೆ ಬಾಳೆಕಾಯಿಯಂಥದ್ದೊಂದು ಬರೆದು
ಗೀಟೆಳೆದು, 'ಇಷ್ಟು ಉಳಿಯುತ್ತೆ' ಅಂದರು.
ನಾಲ್ಕು ಲಕ್ಷ ಇಪ್ಪತ್ತು ಸಾವಿರ.
ವಿಮೆಯವರ ಪತ್ರ ಎರಡೇ ಸಾಲು:
ಇದು ಸೌಂದರ್ಯದ ಚಿಕಿತ್ಸೆ, ಪಾಲಿಸಿಯಲ್ಲಿ ಬರುವುದಿಲ್ಲ.
ಸೌಂದರ್ಯ!
ಈ ಜನ್ಮದಲ್ಲಿ ನನ್ನ ಹೆಸರಿನ ಪಕ್ಕ ಆ ಪದ ಬರೆದವರು
ಅವರೊಬ್ಬರೇ.

'ಬಾಯಿ ಕಟ್ಟಿದರೆ ಪುಕ್ಕಟೆ ಅಲ್ವಾ ಅತ್ತಿಗೆ?' ಅಂದಳು ನಾದಿನಿ.
ಕಟ್ಟಿದ್ದೆ. ಬಿಚ್ಚಿದ್ದೆ. ಮತ್ತೆ ಕಟ್ಟಿದ್ದೆ.
ಸೋಮವಾರ, ಗುರುವಾರ, ಮೆಂತೆ ನೀರು, ಜೀರಿಗೆ ನೀರು,
ಬೆಳಗಿನ ನಾಲ್ಕಕ್ಕೆ ಕತ್ತಲಲ್ಲಿ ಡಬ್ಬದಿಂದ ಒಂದು ಹಿಡಿ ಅವಲಕ್ಕಿ.

ಝವೇರಿ ಬಜಾರಿನ ಕಾಟಾ ಗಾಜಿನ ಪೆಟ್ಟಿಗೆಯೊಳಗೆ,
ಫ್ಯಾನಿನ ಗಾಳಿಗೂ ನಡುಗುವಂಥದ್ದು.
ಅಮ್ಮ ಮೀನಿನ ಬುಟ್ಟಿ ಹೊತ್ತು
ಕೊಲಾಬಾದ ಮಹಡಿ ಮಹಡಿ ಹತ್ತಿ ಮಾಡಿಸಿದ ಸರ
ಮೂವತ್ತೆರಡು ಗ್ರಾಮು, ಮೇಲೆ ಚೂರು.
ಇವರು ಹೊರಗೆ ಕಟ್ಟೆಯ ಮೇಲೆ ಕೂತು ಫೋನು ನೋಡುತ್ತಿದ್ದರು.
'ಒಂದು ಬಳೆ ಬಿಡಮ್ಮ' ಅಂದಳು ಮಗಳು,
ಹತ್ತೊಂಬತ್ತು ವರ್ಷ, ಅವಳದೂ ತಪ್ಪಲ್ಲ. ಬಿಟ್ಟೆ.
ಮುಂಗಡ ಕಟ್ಟುವ ದಿನ ಅವಳೇ ತಂದು ಕೈಗಿಟ್ಟಳು.
ಸಿಟ್ಟಿಗೋ ಏನೋ, ಇವತ್ತಿನವರೆಗೂ ಕೇಳಿಲ್ಲ.

ಉಂಗುರ ಮಾತ್ರ ಬರಲಿಲ್ಲ. ಸೋಪು, ಎಣ್ಣೆ, ದಾರ.
'ಕತ್ತರಿಸಲಾ?' ಅಂದ ಚಿನಿವಾರ.
'ಬೆರಳನ್ನಾ?' ಅಂದೆ. ನಕ್ಕ. ಬೇಡವೆಂದೆ.
ರಸೀದಿಗೆ ಹೆಸರು ಕೇಳಿದ: ಗುಲಾಬಿ ಕಾಂಚನ್.
ಅಡ್ಡಹೆಸರಲ್ಲಿ ಇಷ್ಟು, ಬೆರಳಲ್ಲಿ ಅಷ್ಟು, ಚಿನ್ನ ಉಳಿಯಿತು.

ಪಕ್ಕದ ಮಂಚಕ್ಕೆ ಮೊಂಬಾಸಾದಿಂದ ಬಂದಿದ್ದಳು ಮ್ವನೈಷಾ.
'ಇಲ್ಲಿ ಅಗ್ಗ' ಅಂದಳು, ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ.
ನನ್ನ ಅಮ್ಮನ ಸರ ನುಂಗಿದ ಊರು
ಅವಳಿಗೆ ಅಗ್ಗದ ಊರು.
ಅಣ್ಣಂದಿರು ದೋಣಿಯ ಪಾಲು ಮಾರಿ ಕಳಿಸಿದ್ದರಂತೆ.
ಯಾವ ಮೀನು ಬೀಳುತ್ತೆ ಅಂದೆ. ಮೊಳದುದ್ದ ಕೈ ಚಾಚಿದಳು.
'ಅಂಜಲ್!' ಅಂದೆ. ಅವಳು ಬೇರೇನೋ ಹೆಸರು ಹೇಳಿದಳು.
ರಾತ್ರಿಯಿಡೀ ಔಷಧಿಯ ಮುಚ್ಚಳದಲ್ಲಿ ನೀರು,
ಕಾಲು ಗಂಟೆಗೊಂದು ಗುಟುಕು.
ಮುಚ್ಚಳಕ್ಕೆ ಮುಚ್ಚಳ ತಾಗಿಸಿ 'ಚಿಯರ್ಸ್' ಅಂದಳು.
ನಗಬಾರದಿತ್ತು. ಹೊಲಿಗೆ ಎಳೆಯಿತು.

ಈಗ ಎಂಟು ತಿಂಗಳು. ತೊಂಬತ್ತೆರಡು.
ಚರ್ಚ್‌ಗೇಟಿನ ಲೋಕಲಿನಲ್ಲಿ ಮೂವರು ಕೂತ ಸೀಟಿನ ತುದಿಗೆ ನಿಂತು
'ಜರಾ ಸರ್ಕೋ' ಅಂದೆ ಮೊದಲ ಸಲ. ಸರಿದರು.
ನಾನು ಬರುವುದು ಕಂಡರೆ ಚೀಲ ಹರಡುತ್ತಿದ್ದ ಹೆಂಗಸರೇ.
ಕೂದಲು ಉದುರುತ್ತಿದೆ,
ತೋಳಿನ ಚರ್ಮ ಖಾಲಿ ಚೀಲ.
ಬಂಗುಡೆ ಪುಳಿಮುಂಚಿ ಮಾಡಿ, ಎರಡು ಚಮಚ ತಿಂದು,
ಉಳಿದದ್ದನ್ನು ನೋಡುತ್ತ ಕೂರುತ್ತೇನೆ.
ಹಸಿವಲ್ಲ ಅದು. ಮಾತು ಬಿಟ್ಟ ಗೆಳತಿಯ
ಮನೆ ಮುಂದೆ ಹಾದುಹೋದ ಹಾಗೆ.
ನಾದಿನಿ ಫೋನಿನಲ್ಲಿ, ದನಿ ತಗ್ಗಿಸಿ:
'ಒಟ್ಟು ಎಷ್ಟಾಯ್ತು ಅತ್ತಿಗೆ? ಆ ಡಾಕ್ಟರ ನಂಬರು ಇದೆಯಾ?'

ಮೊನ್ನೆ ಲೆಕ್ಕ ಬರೆಯುವಾಗ ಉಂಗುರ ತಾನಾಗಿ ಜಾರಿ
ಮಂಜಿನ ಪೆಟ್ಟಿಗೆಗೆ ಬಿತ್ತು, ಬಂಗುಡೆಗಳ ಕಣ್ಣುಗಳ ನಡುವೆ.
ಧೋಂಡು ಹೆಕ್ಕಿ ಕೊಟ್ಟ. ಈ ಸಲ ನನ್ನನ್ನೇ ನೋಡಿದ.
ಸಾಲದ ಆರು ಕಂತು ಬಾಕಿ. ಇದು ನಾಲ್ಕು ಗ್ರಾಮು ಆದೀತು.
ಅಂಗೈಯಲ್ಲಿ ತೂಗಿ ನೋಡಿದೆ.
ಬಲೆ ಹೊಲಿಯುವವನ ಹತ್ತಿರ ಗೇಣುದ್ದ ನೀಲಿ ನೂಲು ಬೇಡಿ
ಸುತ್ತಿದೆ, ದಪ್ಪಗೆ, ಒತ್ತೊತ್ತಾಗಿ.
ಬೆರಳಿಗೆ ಕೂತಿತು.
'ಬಂಗುಡೆ ಹದಿನಾಲ್ಕು ಪೆಟ್ಟಿಗೆ' ಎಂದು ಕೂಗಿದ ಧೋಂಡು.
ಬರೆದುಕೊಂಡೆ.